ಹೊಂಗೆದುರ್ಗದ ಅರಮನೆಗೆ ಹೊಸ ಬಾಗಿಲು

"ಈ ದುರ್ಗದಲ್ಲಿ ನನ್ನ ಅಪ್ಪಣೆಯಿಲ್ಲದೆ ಒಂದು ಹೆಂಚೂ ಬೀಳುವುದಿಲ್ಲ," ಎಂದ ಹೊಂಗೆದುರ್ಗದ ಪಾಳೆಯಗಾರ ಸರ್ಜಪ್ಪ ನಾಯಕ. "ಗೋಡೆ ಒಡೆ ಅಂದರೆ ಒಡೆಯಬೇಕು, ಅಷ್ಟೆ."

ಎದುರಿಗೆ ಕೈಕಟ್ಟಿ ನಿಂತಿದ್ದವನು ಮೇಸ್ತ್ರಿ ಓಬಯ್ಯ.

ವಿಷಯ ದೋಸೆಯದು. ಅಡುಗೆಮನೆ ಹಜಾರಕ್ಕೆ ಅಂಟಿಕೊಂಡೇ ಇತ್ತು, ಆದರೆ ನಡುವಿನ ಗೋಡೆಗೆ ಬಾಗಿಲಿರಲಿಲ್ಲ. ಕಾವಲಿಯಿಂದ ಎದ್ದ ದೋಸೆ ಅಂಗಳ ಸುತ್ತಿ, ಪಡಸಾಲೆ ದಾಟಿ, ನಾಯಕನ ಎಲೆಗೆ ಬೀಳುವಷ್ಟರಲ್ಲಿ ಚಕ್ಕಳದಂತಾಗುತ್ತಿತ್ತು. ಮರುದಿನ ಪಕ್ಕದ ಸೀಮೆಯ ನಾಯಕ ಊಟಕ್ಕೆ ಬರುವವನಿದ್ದ. ಅವನಿಗೆ ಹೊಗೆಯಾಡುವ ದೋಸೆಯನ್ನೇ ಬಡಿಸಬೇಕೆಂಬುದು ಸರ್ಜಪ್ಪ ನಾಯಕನ ಹಟ.

"ಒಡೆಯುತ್ತೇನೆ ಬುದ್ಧಿ," ಎಂದ ಓಬಯ್ಯ. "ಆದರೆ ಮಹಡಿಯ ತೊಲೆಗಳು ಕೂತಿರುವುದು ಈ ಗೋಡೆಯ ಮೇಲೆ. ಮೊದಲು ಮರದ ಕಂಬ ನಿಲ್ಲಿಸಿ ತೊಲೆಗಳಿಗೆ ಆಸರೆ ಕೊಡಬೇಕು. ಆಮೇಲೆ ಗೋಡೆ ಕೊರೆದು, ಬಾಗಿಲಿನ ನೆತ್ತಿಗೆ ಅಡ್ಡಗಲ್ಲು ಕೂರಿಸಿ, ಗಾರೆ ಬಲಿತ ಮೇಲೆ ಕಂಬ ತೆಗೆಯಬೇಕು."

"ಅತಿಥಿ ಬಂದಾಗ ನನ್ನ ಹಜಾರ ದನದ ಕೊಟ್ಟಿಗೆಯಂತೆ ಕಾಣಬೇಕೇ? ಒಂದು ಕಂಬವೂ ಬೇಡ. ನಾನು ಕೇಳಿದ್ದು ಎರಡು ಮೊಳದಗಲದ ಬಾಗಿಲು. ಉಳಿದ ಗೋಡೆ ಎಲ್ಲಿಗೆ ಓಡಿಹೋಗುತ್ತದೆ?"

"ಮೇಲೆ ನಿಮ್ಮ ತಾಯಿಯವರು ಮಲಗುತ್ತಾರೆ ಬುದ್ಧಿ. ಆಸರೆಯಿಲ್ಲದೆ ನಾನು ಹಾರೆ ಮುಟ್ಟಲಾರೆ."

"ಹಾಗಾದರೆ ನಾಳೆ ಸಂಜೆಯೊಳಗೆ ಹೆಂಡತಿ ಮಕ್ಕಳ ಸಮೇತ ಸೀಮೆ ಬಿಟ್ಟು ಹೋಗು. ಒಡೆಯುವವರು ಬೇರೆ ಸಿಗುತ್ತಾರೆ."

ನಾಯಕನಿಗೆ ಎದುರು ಮಾತಾಡಿಯೂ ಆಸ್ಥಾನದಲ್ಲಿ ಉಳಿದುಕೊಂಡಿದ್ದವನು ವಿದೂಷಕ ತಿಪ್ಪರಸ ಒಬ್ಬನೇ. ಆ ದಿನ ಅವನು ಓಬಯ್ಯನ ಹಿಂದೆಯೇ ಎದ್ದು ಹೊರಟ. ಹೊರಗೆ ಬಂದ ಮೇಲೆ ಓಬಯ್ಯನ ಹೆಗಲ ಮೇಲೆ ಕೈಯಿಟ್ಟ.

"ಗಂಟುಮೂಟೆ ಕಟ್ಟಬೇಡ ಕಣಯ್ಯ. ನಾಳೆ ಅತಿಥಿಯನ್ನು ಎದುರುಗೊಳ್ಳಲು ನಾಯಕರು ಪಲ್ಲಕ್ಕಿಯಲ್ಲಿ ಹೊರಡುತ್ತಾರೆ. ನೀನೂ ಪಕ್ಕದಲ್ಲಿ ನಡೆದು ಬಾ."

ಅಲ್ಲಿಂದ ಅವನು ನೇರವಾಗಿ ಪಲ್ಲಕ್ಕಿ ಹೊರುವವರ ಕೇರಿಗೆ ಹೋದ.

ಹೊರುವವರಲ್ಲಿ ಒಂದು ಕಟ್ಟುಪಾಡು ಇತ್ತು. ದಣಿದವನು ಹೆಗಲು ತೆಗೆಯುವ ಮೊದಲೇ ಬದಲಿಯವನು ಪಲ್ಲಕ್ಕಿಯ ದಂಡದ ಕೆಳಗೆ ತನ್ನ ಹೆಗಲು ಕೊಡಬೇಕು. ಒಳಗೆ ಕೂತವರಿಗೆ ಅದು ಗೊತ್ತೇ ಆಗಬಾರದು. ತಿಪ್ಪರಸನ ಮಾತು ಕೇಳಿ ಅವರು ಮುಖ ಮುಖ ನೋಡಿಕೊಂಡರು.

"ಶಿಕ್ಷೆ ಬಂದರೆ ನನಗೆ," ಎಂದು ತಿಪ್ಪರಸ ಭಾಷೆ ಕೊಟ್ಟ. ಆಮೇಲೆ ಒಪ್ಪಿದರು.

ಮರುದಿನ ಪಲ್ಲಕ್ಕಿ ಪೇಟೆಬೀದಿಗೆ ಬಂತು. ತಿಪ್ಪರಸ ಕೆಮ್ಮಿದ. ಮುಂದಿದ್ದ ಇಬ್ಬರಲ್ಲಿ ಒಬ್ಬ ಹೆಗಲು ತೆಗೆದು ಪಕ್ಕಕ್ಕೆ ಸರಿದ. ಬದಲಿಯವನು ಬರಲಿಲ್ಲ. ಪಲ್ಲಕ್ಕಿ ವಾಲಿತು, ನಾಯಕನ ಪೇಟ ಮೂಗಿನವರೆಗೆ ಇಳಿಯಿತು.

"ಏನಾಯಿತೋ?"

"ಏನಿಲ್ಲ ಪ್ರಭು. ಗಾಳಿಯಾಡಲಿ ಅಂತ ಹೊರುವವರ ನಡುವೆ ಚಿಕ್ಕದೊಂದು ಬಾಗಿಲು ತೆಗೆಸಿದೆ."

"ನಾನು ಬೀಳುತ್ತಿದ್ದೇನೆ."

"ಹೇಗೆ ಬೀಳುತ್ತೀರಿ ಪ್ರಭು? ಒಬ್ಬ ತಾನೇ ಹೋದದ್ದು. ಉಳಿದ ಮೂವರು ಎಲ್ಲಿಗೆ ಓಡಿಹೋದರು?"

ಮೂವರಲ್ಲಿ ಒಬ್ಬನ ಹೆಗಲು ಭಾರಕ್ಕೆ ಕುಸಿಯಿತು. ಪಲ್ಲಕ್ಕಿ ಇನ್ನಷ್ಟು ವಾಲಿತು. ನಾಯಕ ರೇಷ್ಮೆಯ ಕುಚ್ಚಿಗೆ ಜೋತುಬಿದ್ದ.

"ಬೀಳಬೇಡ ಎಂದು ಪಲ್ಲಕ್ಕಿಗೆ ಅಪ್ಪಣೆ ಕೊಟ್ಟು ನೋಡಬಹುದು," ಎಂದ ತಿಪ್ಪರಸ.

"ತಲೆಹರಟೆ ಸಾಕು. ಮೊದಲು ಕೆಳಗೆ ಆಸರೆ ಕೊಡಬೇಕು, ಆಮೇಲೆ ಇದ್ದದ್ದನ್ನು ತೆಗೆಯಬೇಕು. ಅಷ್ಟೂ ಗೊತ್ತಾಗುವುದಿಲ್ಲವೇನೋ ನಿನಗೆ?"

ತಿಪ್ಪರಸ ಹಿಂದೆ ತಿರುಗಿದ. "ಓಬಯ್ಯಾ, ಪ್ರಭುಗಳ ಅಪ್ಪಣೆ ಕೇಳಿಸಿತಲ್ಲ? ಮೊದಲು ಆಸರೆ, ಆಮೇಲೆ ಗೋಡೆ. ಹೋಗಿ ಕಂಬ ನಿಲ್ಲಿಸು."

ಬದಲಿಯವನು ಓಡಿ ಬಂದು ಹೆಗಲು ಕೊಟ್ಟ. ಪಲ್ಲಕ್ಕಿ ನೆಟ್ಟಗಾಯಿತು. ನಾಯಕ ಪೇಟ ಸರಿಮಾಡಿಕೊಂಡು ತಿಪ್ಪರಸನನ್ನು ನೋಡಿದ, ಓಬಯ್ಯನನ್ನು ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು.

"ಹೋಗೋ ಓಬಯ್ಯ, ಎಷ್ಟು ಬೇಕೋ ಅಷ್ಟು ಕಂಬ ನಿಲ್ಲಿಸು. ಸೀಮೆ ಬಿಡುವ ಮಾತು ಮರೆತುಬಿಡು," ಎಂದ ನಗುತ್ತಲೇ. "ತಿಪ್ಪರಸಾ, ನಿನಗೊಂದು ಶಾಲು ಹೊದೆಸುತ್ತೇನೆ. ಅದಕ್ಕೆ ಮೊದಲು ನನ್ನನ್ನು ಕೆಳಗಿಳಿಸು. ಉಳಿದ ದಾರಿ ನಡೆದೇ ಬರುತ್ತೇನೆ."

ಮಧ್ಯಾಹ್ನ ಅತಿಥಿ ಎಲೆಯ ಮುಂದೆ ಕೂತು ಸುತ್ತಲೂ ಕಣ್ಣಾಡಿಸಿದ. "ಇದೇನು ನಾಯಕರೇ, ಹಜಾರದ ತುಂಬ ಕಂಬ?"

ಸರ್ಜಪ್ಪ ನಾಯಕ ಆರಿದ ದೋಸೆಯನ್ನು ಮುರಿಯುತ್ತ ಹೇಳಿದ: "ಏನಿಲ್ಲ, ನಮ್ಮ ಗೋಡೆ ಹೆಗಲು ಬದಲಾಯಿಸುತ್ತಿದೆ."