ಕಲಿತ ತಪ್ಪಿಗೆ ಕ್ಷಮಾಪಣೆ

ಗದಗ ಸೀಮೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ ಶಾಂಭವಿ, ಮೊದಲ ವರ್ಷದಲ್ಲೇ ಹೊರಗೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಕಟ್ಟಿ ಪಾಸಾದಳು. ವಿಭಾಗದ ಮುಖ್ಯಸ್ಥ ಮುಳಗುಂದ ಸರ್ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ ಕೆಂಡವಾದರು.

"ಅದು ಮೂರನೇ ವರ್ಷದ ಪಾಠ! ಯಾರನ್ನ ಕೇಳಿ ಕಲ್ತಿ? ಕ್ಷಮಾಪಣೆ ಬರದು ಕೊಡು. ಇಲ್ಲಾಂದ್ರ ಇಂಟರ್ನಲ್ಸ್ ಪರೀಕ್ಷೆಗೆ ಕುಂದರಂಗಿಲ್ಲ!"

ಶಾಂಭವಿ ಅಲ್ಲೇ ನಿಂತು ಬರೆದಳು. ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಓದಿದಳು. "ಕಾಲೇಜು ಕಲಿಸುವ ಮೊದಲೇ ಕಲಿತದ್ದು ನನ್ನ ತಪ್ಪು. ಇನ್ನು ನೀವು ಕಲಿಸುವ ತನಕ ಏನನ್ನೂ ಕಲಿಯುವುದಿಲ್ಲ."

ಆಮೇಲೆ ಪೆನ್ನು ಮುಂದೆ ಹಿಡಿದಳು. "ಒಪ್ಪೀನಿ ಅಂತ ಸಹಿ ಹಾಕ್ರಿ ಸರ್. ನೋಟಿಸ್ ಬೋರ್ಡಿಗೆ ಹಚ್ತೀನಿ."

ಉಳಿದ ಲೆಕ್ಚರರುಗಳಿಗೆಲ್ಲ ಒಮ್ಮೆಲೇ ಕೆಮ್ಮು ಬಂತು. ಮುಳಗುಂದ ಸರ್ ಹಾಳೆ ಕಸಿದು ಹರಿದು ಹಾಕಿದರು. "ಹೋಗು, ಕುಂದ್ರು ಪರೀಕ್ಷೆಗೆ!"

ಬಾಗಿಲಲ್ಲಿ ಶಾಂಭವಿ ತಿರುಗಿ ನಿಂತಳು. "ಸರ್, ಮುಂದಿನ ತಿಂಗಳು ಇನ್ನೊಂದು ಸರ್ಟಿಫಿಕೇಟ್ ಪರೀಕ್ಷೆ ಕಟ್ಟೀನ್ರಿ. ಅದರ ಕ್ಷಮಾಪಣೆನೂ ಈಗಲೇ ಬರದು ಕೊಟ್ಟು ಹೋಗ್ಲೇನ್ರಿ?"