ಗೀರು ಬೀಳದ ಲ್ಯಾಪ್‌ಟಾಪ್

“ಗುರುಗಳೇ, ಬೆಲೆ ತಿಳಿಯದವರ ಮನೆಗೆ ಕಂಪ್ಯೂಟರ್ ಕೊಡುವುದು ಸರಿಯೇ?”

ಕೇಳಿದ ಶಿಷ್ಯ ಬಡ ಮಕ್ಕಳ ಮನೆಗಳಿಗೆ ಲ್ಯಾಪ್‌ಟಾಪ್ ಹಂಚುವ ಕೆಲಸದಲ್ಲಿದ್ದ. ಚೀಲದಿಂದ ಒಂದನ್ನು ತೆಗೆದು ಗುರುವಿನ ಮುಂದಿಟ್ಟ. ಮೂಲೆ ಒಡೆದಿತ್ತು. ಕೀಬೋರ್ಡಿನ ಅಕ್ಷರಗಳು ಸವೆದುಹೋಗಿದ್ದವು.

“ಒಬ್ಬ ಹುಡುಗನಿಗೆ ಓದಲು ಕೊಟ್ಟಿದ್ದೆವು. ಹೀಗೆ ಮಾಡಿದ್ದಾನೆ. ವಾಪಸು ತಂದೆ. ಇನ್ನು ಜೋಪಾನ ಮಾಡುವವರಿಗೇ ಕೊಡಬೇಕೆಂದಿದ್ದೇನೆ.”

ಗುರು ಒಂದು ಕತೆ ಹೇಳಿದ.

ಒಬ್ಬ ವ್ಯಾಪಾರಿ ಇದ್ದ. ಅವನ ಬೀದಿಯಲ್ಲೇ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಅವಳ ಮಗಳು ಚುರುಕು. ಶಾಲೆಯ ಕಂಪ್ಯೂಟರಿನ ಮುಂದೆ ಕೂತರೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಇದನ್ನು ಕೇಳಿದ ವ್ಯಾಪಾರಿ ಹೊಸ ಲ್ಯಾಪ್‌ಟಾಪ್ ತಂದು ಕೊಟ್ಟ. ಮಗಳು ಕುಣಿದಳು. ತಾಯಿ ಕೈಮುಗಿದಳು.

ಹೊರಡುವಾಗ ವ್ಯಾಪಾರಿ ಹೇಳಿದ, “ಜೋಪಾನ ಕಣಮ್ಮ. ನಿಮ್ಮಂಥವರಿಗೆ ಕೊಟ್ಟರೆ ನಾಲ್ಕೇ ದಿನಕ್ಕೆ ಗುಜರಿ ಸೇರುತ್ತೆ ಅಂತ ಎಲ್ಲರೂ ನಗ್ತಿದ್ದಾರೆ. ಒಂದು ಗೀರು ಬಿದ್ದರೂ ನಿನ್ನನ್ನೇ ಕೇಳೋದು. ವರ್ಷ ಬಿಟ್ಟು ಬಂದು ನೋಡ್ತೀನಿ.”

ಇಸ್ತ್ರಿಯವರ ಮನೆಯಲ್ಲಿ ಒಂದು ಕಟ್ಟಳೆ ಇದೆ. ಮನೆ ತುಂಬ ಬಟ್ಟೆ ಇರುತ್ತದೆ, ಅದು ಅವರದಲ್ಲ. ಎಷ್ಟೇ ಚಳಿಯಾದರೂ ಮಕ್ಕಳು ಅದನ್ನು ಹೊದೆಯುವಂತಿಲ್ಲ. ಒಂದು ಕಲೆಯಾದರೆ ಗಿರಾಕಿ ತಪ್ಪುತ್ತಾನೆ, ಒಂದು ಬಟ್ಟೆ ಕಾಣದಿದ್ದರೆ ಕಳ್ಳಿ ಎಂಬ ಹೆಸರು ಬರುತ್ತದೆ. ತಾಯಿ ಲ್ಯಾಪ್‌ಟಾಪನ್ನೂ ಹಾಗೆಯೇ ಕಂಡಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ಗಿರಾಕಿಗಳ ಪಂಚೆಗಳ ಮೇಲೆ, ಮಗಳ ಕೈಗೆ ಎಟುಕದ ಕಡೆ ಇಟ್ಟಳು.

“ಅವ್ವಾ, ನನಗೇ ಅಂತ ಕೊಟ್ಟಿದ್ದಲ್ವಾ?”

“ನಿನಗೇ ಕೊಟ್ಟಿದ್ದಾದರೆ ಮತ್ತೆ ಯಾಕೆ ನೋಡೋಕೆ ಬರ್ತಾರೆ? ಕೈ ತೆಗಿ.”

ಮಗಳು ಕೆಲವು ದಿನ ಅತ್ತಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಶಾಲೆಯವರು ಪಾಠಗಳನ್ನು ಕಂಪ್ಯೂಟರಿನಲ್ಲೇ ಕಳಿಸತೊಡಗಿದರು. ಮನೆಯಲ್ಲಿ ನೋಡಿ ಬಂದ ಮಕ್ಕಳು ಮುಂದೆ ಹೋದರು. ಇವಳು ಫೇಲಾದಳು. ತಾಯಿಯ ಪಕ್ಕದಲ್ಲಿ ನಿಂತು ಇಸ್ತ್ರಿಪೆಟ್ಟಿಗೆ ಹಿಡಿದಳು.

ವರ್ಷ ಕಳೆದು ವ್ಯಾಪಾರಿ ಬಂದ. ತಾಯಿ ಗಂಟು ಬಿಚ್ಚಿದಳು. ಲ್ಯಾಪ್‌ಟಾಪ್ ಅಂಗಡಿಯಿಂದ ಆಗ ತಾನೇ ತಂದಂತಿತ್ತು.

“ಭೇಷ್! ನಿಮ್ಮಂಥವರಲ್ಲಿ ನೀನೊಬ್ಬಳೇ ಮರ್ಯಾದಸ್ಥೆ” ಎಂದು ಅದನ್ನು ಹಿಡಿದು ಫೋಟೋ ತೆಗೆಸಿಕೊಂಡ. ಮಗಳು ಏನು ಕಲಿತಳು ಎಂದು ಕೇಳಲಿಲ್ಲ. ಅದನ್ನು ಕೇಳಲು ಅವನು ಬಂದಿರಲಿಲ್ಲ.

“ತಗೊಂಡು ಹೋಗಿ ಯಜಮಾನ್ರೇ” ಎಂದಳು ತಾಯಿ. “ಇನ್ನಾದರೂ ನೆಮ್ಮದಿಯಾಗಿ ಮಲಗ್ತೀನಿ.”

ಮಗಳು ತಲೆ ಎತ್ತಲಿಲ್ಲ. ವ್ಯಾಪಾರಿಯದೇ ಅಂಗಿಯ ತೋಳು ತಿರುವಿ ಹಾಕಿ ಇಸ್ತ್ರಿ ಒತ್ತಿದಳು.

ಗುರು ಇಲ್ಲಿಗೆ ನಿಲ್ಲಿಸಿದ.

“ಪಾಪ, ಆ ತಾಯಿಗೆ ತಿಳಿವಳಿಕೆ ಇರಲಿಲ್ಲ” ಎಂದ ಶಿಷ್ಯ.

ಗುರು ಮುಂದಿದ್ದ ಒಡಕು ಲ್ಯಾಪ್‌ಟಾಪನ್ನು ಶಿಷ್ಯನ ಕಡೆಗೆ ತಿರುಗಿಸಿದ.

“ಈ ಅಕ್ಷರಗಳನ್ನು ಸವೆಸಿದ ಬೆರಳುಗಳು ಈಗ ಏನು ಮಾಡುತ್ತಿವೆ?”

ಶಿಷ್ಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಆ ಹುಡುಗನ ಮನೆಯ ದಾರಿ ಹಿಡಿದ.