ಫ್ರೀ ಆದವಳು

ಅತ್ತೆಯ ವೈಕುಂಠ ಸಮಾರಾಧನೆ ಮುಗಿದ ಮರುದಿನ ಇಂದುಮತಿ ಹೊಳೆಯಂಚಿನ ಆಶ್ರಮಕ್ಕೆ ಬಂದಳು. ಲಕ್ವ ಹೊಡೆದು ಮಲಗಿದ್ದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು ಅವಳೇ.

ಗುರುಗಳು ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಅವರಿಗೂ ವಯಸ್ಸಾಗಿತ್ತು.

"ಬಾರಮ್ಮ. ಸೋತು ಹೋಗಿದ್ದೀಯ."

"ಒಂದು ಮಾತು ಕೇಳಬೇಕಿತ್ತು, ಗುರುಗಳೇ. ಎಲ್ಲರೂ ನನಗೆ, ನೀನು ಫ್ರೀ ಆದೆ ಅಂತಿದ್ದಾರೆ."

"ಯಾರು?"

"ಹೆಣ ಎತ್ತುವ ಮೊದಲೇ ನಾದಿನಿ ಅಂದಳು, ಅಮ್ಮನೂ ಫ್ರೀ ಆದಳು, ನೀವೂ ಫ್ರೀ ಆದಿರಿ ಅತ್ತಿಗೆ ಅಂತ. ಮಹಿಳಾ ಸಮಾಜದವರು, ಇನ್ನು ನೀವು ಫ್ರೀ ಅಲ್ವಾ, ಮಕ್ಕಳಿಗೆ ಭಜನೆ ಹೇಳಿಕೊಡಿ ಅಂದರು. ನಮ್ಮ ಯಜಮಾನರು, ಹೇಗೂ ಫ್ರೀ ಇದ್ದೀಯ, ಚಿಕ್ಕಪ್ಪನನ್ನು ಕರೆಸಿಕೊಳ್ಳೋಣ ಅಂತಿದ್ದಾರೆ. ಆ ಚಿಕ್ಕಪ್ಪನೂ ಹಾಸಿಗೆ ಹಿಡಿದಿದ್ದಾರೆ."

"ನೀನೇನಂದೆ?"

"ಹೂಂ ಅಂದೆ."

ಗುರುಗಳು ಅವಳ ಮುಖ ನೋಡಿದರು.

"ಫ್ರೀ ಅಂದರೆ ಬಿಡುಗಡೆ ಅಂತ ತಾನೇ?" ಎಂದಳು ಇಂದುಮತಿ. "ಮತ್ತೆ ನನಗೆ ಯಾಕೆ ಹಗುರಾಗಿಲ್ಲ? ಮಧ್ಯಾಹ್ನವಾದರೆ ಗಂಜಿಗೆ ಇಟ್ಟುಬಿಡುತ್ತೇನೆ. ಆಮೇಲೆ ನೆನಪಾಗುತ್ತೆ."

"ಅಂಗಡಿಯಲ್ಲಿ ಸೋಪಿನ ಪುಡಿ ಜೊತೆ ಬಕೆಟ್ ಕೊಡುವಾಗ ಏನಂತಾರೆ?"

"ಫ್ರೀ ಅಂತಾರೆ."

ಅಂದವಳು ತಲೆ ತಗ್ಗಿಸಿದಳು.

"ಈಗ ಫ್ರೀ ಇದ್ದೀಯಾ?" ಎಂದು ಗುರುಗಳು ಕೇಳಿದರು.

ಅವಳು ತಟ್ಟನೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇದ್ದೀನಿ. ಏನು ಮಾಡಲಿ?"

"ಕೂತ್ಕೋ."

"ಕುಡಿಯೋಕೆ ನೀರು ತರಲಾ? ಜಗಲಿ ಗುಡಿಸಲಾ?"

"ಕೂತ್ಕೋ ಅಂದೆ."

ಕೂತಳು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

"ನಿಮ್ಮತ್ತೆ ಹೇಗಿದ್ದರು?"

ಹಾಗೆ ಯಾರೂ ಅವಳನ್ನು ಕೇಳಿರಲಿಲ್ಲ.

"ಸಿಡುಕು ಜಾಸ್ತಿ. ಮೊದಮೊದಲು ನನ್ನ ಕೈಯಿಂದ ತಿನ್ನುತ್ತಲೇ ಇರಲಿಲ್ಲ. ಕೊನೆಕೊನೆಗೆ ಮಾತು ನಿಂತುಹೋಯಿತು. ತಲೆ ಬಾಚುವಾಗ ಮಾತ್ರ ಕಣ್ಣು ಮುಚ್ಚಿಕೊಂಡು ನನ್ನ ಕಡೆ ಒರಗುತ್ತಿದ್ದರು. ಅಷ್ಟು ಭಾರ ಇರಲಿಲ್ಲ, ಗುರುಗಳೇ. ಒಂದು ಹಿಡಿ..."

ಸಾವಾದ ಮೇಲೆ ಮೊದಲ ಸಲ ಅವಳು ಅತ್ತಳು. ಗುರುಗಳು ಸಮಾಧಾನ ಹೇಳಲಿಲ್ಲ. ಹೊಳೆಯ ಕಡೆ ನೋಡುತ್ತಾ ಪಕ್ಕದಲ್ಲೇ ಕೂತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಗಂಡ ಪ್ರಹ್ಲಾದ ಅವಳನ್ನು ಕರೆದೊಯ್ಯಲು ಬಂದ. ಅಂಗಳದಲ್ಲೇ ನಿಂತು ಕೂಗಿದ.

"ಇಂದೂ, ಫ್ರೀ ಆದೆಯಾ? ಹೊರಡೋಣವಾ?"

ಅವಳು ಕಣ್ಣೊರೆಸಿಕೊಂಡು ಏಳಹೋದಳು. ಗುರುಗಳು ಅವಳ ಭುಜದ ಮೇಲೆ ಕೈಯಿಟ್ಟರು.

"ಅವಳು ಫ್ರೀ ಇಲ್ಲಪ್ಪ," ಎಂದರು. "ಅವಳ ಅತ್ತೆ ತೀರಿಕೊಂಡಿದ್ದಾರೆ."